ಇಪ್ಪತ್ತನಾಲ್ಕು ಇಲಿಗಳಿಗೆ ಕನಿಕರವನ್ನು ಸಮನಾಗಿ ಹಂಚುವ ಕುರಿತು

ಸಂಶೋಧನಾ ಪ್ರಾಣಿಗೃಹ ವಿಭಾಗ
ಅಕ್ಕಲಕೋಟ ರಸ್ತೆ, ಸೋಲಾಪುರ

ಸಂಖ್ಯೆ: ಪ್ರಾಗೃ/ಇಲಿ/ಕನಿಕರ/೨೪

ವಿಷಯ: ಅನುಮತಿ ಇಲ್ಲದೆ ಚೇತರಿಸಿಕೊಂಡ ಇಲಿಗಳು ಮತ್ತು ತತ್ಸಂಬಂಧ ಶಿಸ್ತು.

ಉಲ್ಲೇಖ: ಇದೇ ವಿಷಯದ ಮರಾಠಿ ಸುತ್ತೋಲೆ. (ನವಿ ಪೇಠದ ಅಂಗಡಿಗಳಲ್ಲಿ ಮರಾಠಿಯಲ್ಲೇ ಚೌಕಾಸಿ ಮಾಡುವ ಶ್ರೀಮತಿ ಭಾಗಾಬಾಯಿಯವರು ಅದು ತಮಗೆ ತಿಳಿಯಲಿಲ್ಲವೆಂದು ಹೇಳಿದ್ದರಿಂದ ಕನ್ನಡದಲ್ಲಿ ಹೊರಡಿಸಲಾಗಿದೆ.)

ಪ್ರಸ್ತಾವನೆ:

ಪೆಟ್ಟು ಬಿದ್ದ ಮೆದುಳಿಗೆ ಆಮ್ಲಜನಕ ಸಾಲದೆ ಹೋಗುತ್ತದೆ. ಅದನ್ನು ಹೊತ್ತೊಯ್ದು ಮುಟ್ಟಿಸುವ ಕೆಂಪು ದ್ರಾವಣವೊಂದು ಉಪಯೋಗಕ್ಕೆ ಬರುವುದೇ ಎಂದು ತಿಳಿಯಲು, ಅರಿವಳಿಕೆ ಕೊಟ್ಟು ತಲೆಗೆ ಪೆಟ್ಟು ಮಾಡಲಾದ ಇಪ್ಪತ್ತನಾಲ್ಕು ಇಲಿಗಳ ಪೈಕಿ ಹನ್ನೆರಡಕ್ಕೆ ಆ ದ್ರಾವಣವನ್ನೂ ಹನ್ನೆರಡಕ್ಕೆ ಬರಿಯ ಉಪ್ಪುನೀರನ್ನೂ ಚುಚ್ಚಲಾಗಿತ್ತು. ಯಾವುದಕ್ಕೆ ಯಾವುದು ಎಂಬುದು ನೋಡಿಕೊಳ್ಳುವವರಿಗೆ ಗೊತ್ತಿರಬಾರದೆಂದು ಪಟ್ಟಿಯನ್ನು ಲಕೋಟೆಯಲ್ಲಿಟ್ಟು, ಅರಗು ಒತ್ತಿ, ಎರಡು ಬೀಗದ ಕಪಾಟಿನಲ್ಲಿ ಇಡಲಾಗಿತ್ತು.

ಪಂಜರ ಸ್ವಚ್ಛ ಮಾಡುವ ದಿನಗೂಲಿ ನೌಕರರಾದ ಕಂದಲಗಾಂವದ ಭಾಗಾಬಾಯಿಯವರಿಗೆ ಅದು ಎರಡನೆಯ ದಿನವೇ ಗೊತ್ತಾಗಿದೆ. ಹನ್ನೆರಡು ಪಂಜರಗಳಲ್ಲಿ ಇಲಿಗಳ ಉಚ್ಚೆಯಿಂದ ಹಾಸಿದ ಹೊಟ್ಟು ಕೆಂಪಾಗಿತ್ತು. ಔಷಧ ಸಿಗದ ಉಳಿದ ಹನ್ನೆರಡಕ್ಕೆ ಅವರು ಹಾಲಿನಲ್ಲಿ ನೆನೆಸಿದ ಜೋಳದ ರೊಟ್ಟಿ ತಿನ್ನಿಸಿ, ಕಣ್ಣು ಒರೆಸಿ, ಮಡಿಲಲ್ಲಿಟ್ಟುಕೊಂಡು ಕೂತಿದ್ದಾರೆ. ಹನ್ನೆರಡನೆಯ ದಿನದ ನಡಿಗೆ ಪರೀಕ್ಷೆಯ ಬಳಿಕ ಲಕೋಟೆ ಒಡೆದು ನೋಡಲಾಗಿ, ಕಂಬಿಯ ಮೇಲೆ ತಪ್ಪದೆ ನಡೆದವು ಉಪ್ಪುನೀರಿನ ಇಲಿಗಳು, ಬಿದ್ದವು ಔಷಧದವು. ವಿಭಾಗಕ್ಕೆ ಮುಜುಗರವಾಗಿದೆ. ಆದ್ದರಿಂದ ಈ ಮೂಲಕ ಸೂಚಿಸಲಾಗಿದೆ:

೧. ತಿಳಿಯುವ ಅಧಿಕಾರವಿಲ್ಲದವರು ತಿಳಿಯತಕ್ಕದ್ದಲ್ಲ. ಪ್ರಯೋಗದ ಮುಖ್ಯಸ್ಥ ಡಾ. ನಿಲೇಶ ಅವರು "ಭಾಗಾಬಾಯಿ, ಇದು ಗುಪ್ತ ಇತ್ತು. ನಿಮಗ ಯಾರು ಹೇಳಿದ್ರು?" ಎಂದು ಕೇಳಿದ್ದಕ್ಕೆ, "ಯಾರ ಹೇಳಬೇಕ್ರೀ ಸಾಹೇಬ್ರ? ಹೊಟ್ಟ ಬಳ್ಯಾಕಿ ನಾನ ಅಲ್ಲೇನ್ರೀ" ಎಂದು ಉತ್ತರಿಸಿರುವುದು ವಿಚಾರಣೆಯಲ್ಲಿ ದಾಖಲಾಗಿದೆ. ಇನ್ನು ಮುಂದೆ ಹೊಟ್ಟಿನ ಬಣ್ಣ ಯಾವುದೇ ಇರಲಿ, ಅದನ್ನು ಬಿಳಿಯೆಂದೇ ಕಾಣತಕ್ಕದ್ದು.

೨. ಕನಿಕರವನ್ನು ಇಪ್ಪತ್ತನಾಲ್ಕು ಸಮಭಾಗ ಮಾಡತಕ್ಕದ್ದು. ಪ್ರತಿ ಇಲಿಗೆ ದಿನಕ್ಕೆ ಎರಡೂವರೆ ನಿಮಿಷ. ಭಾನುವಾರ ಕನಿಕರಕ್ಕೆ ರಜೆ.

೩. ಇಲಿಗಳನ್ನು ಸಂಖ್ಯೆಯಿಂದಲೇ ಕರೆಯತಕ್ಕದ್ದು. ಹದಿನೇಳನೆಯ ಇಲಿಯನ್ನು ಎತ್ತಿಕೊಂಡು "ತಲಿ ಭಾಳ ನೋಯಾಕತ್ತೈತೇನ ನನ್ನ ಬಾಳಾ, ನನ್ನ ಕೂಸಾ?" ಎಂದು ವಿಚಾರಿಸುವುದು ರೋಗಪರೀಕ್ಷೆಯಾಗುತ್ತದೆ, ಅದಕ್ಕೆ ಪದವಿ ಬೇಕು. ಇಲಿ ಉತ್ತರ ಕೊಟ್ಟಲ್ಲಿ ಅದನ್ನು ಮೂರು ಪ್ರತಿಗಳಲ್ಲಿ ದಾಖಲಿಸತಕ್ಕದ್ದು.

೪. ಜೋಳದ ರೊಟ್ಟಿ ಆಮ್ಲಜನಕವನ್ನು ಹೊರುವುದಿಲ್ಲವೆಂದು ತಜ್ಞರ ಸಮಿತಿ ಅಕ್ಕಲಕೋಟದಲ್ಲಿ ಒಂದು ದಿನ ಸಭೆ ಸೇರಿ ತೀರ್ಮಾನಿಸಿದೆ. ಮಧ್ಯಾಹ್ನ ಶೇಂಗಾ ಚಟ್ನಿಯೊಂದಿಗೆ ಅದನ್ನೇ ಸೇವಿಸಿದ ಮೂವರು ಸದಸ್ಯರು ಸಂಜೆಯವರೆಗೆ ಎಚ್ಚರಗೊಳ್ಳದಿದ್ದುದು ಸಾಕ್ಷ್ಯವೆಂದು ಪರಿಗಣಿತವಾಗಿದೆ.

೫. "ಎರಡು ಕೂಸು ಬ್ಯಾನಿ ಬಿದ್ರ ಒಂದಕ್ಕಷ್ಟ ಔಷಧ ಕೊಟ್ಟು ಇನ್ನೊಂದರ ಮಾರಿ ನೋಡ್ಕೋಂತ ಕೂಡ್ತೀರೇನ್ರೀ?" ಎಂಬ ಭಾಗಾಬಾಯಿಯವರ ಪ್ರಶ್ನೆ ವಿಚಾರಣೆಯ ವ್ಯಾಪ್ತಿಗೆ ಬರುವುದಿಲ್ಲ. ಆ ಬಳಿಕ ಡಾ. ನಿಲೇಶ ಅವರು ಕೊಠಡಿಯಿಂದ ಎದ್ದು ಹೋಗಿದ್ದ ನಾಲ್ಕು ನಿಮಿಷಗಳನ್ನು ಚಹಾ ವಿರಾಮವೆಂದು ನಮೂದಿಸಲಾಗಿದೆ.

೬. ಉಪ್ಪುನೀರಿನ ಇಲಿಗಳ ಚೇತರಿಕೆ ಆಗಿಲ್ಲವೆಂದು ಭಾವಿಸತಕ್ಕದ್ದು. ಚೇತರಿಸಿಕೊಂಡಿದ್ದೇಕೆಂದು ಅವು ಏಳು ದಿನಗಳೊಳಗೆ ಲಿಖಿತ ಸಮಜಾಯಿಷಿ ನೀಡತಕ್ಕದ್ದು.

೭. ಭಾಗಾಬಾಯಿಯವರನ್ನು ಹದಿಮೂರನೆಯ ದಿನದಿಂದ ಕೆಲಸದಿಂದ ತೆಗೆದು, ಕಚೇರಿಯ ಹಿರಿಯ ಸಿಪಾಯಿ ತುಕಾರಾಮ ಅವರನ್ನು ನೇಮಿಸಲಾಯಿತು. ಇವರು ಮೇಲಿನ ಎಲ್ಲ ನಿಯಮಗಳನ್ನೂ ಪಾಲಿಸಿದರು. ಮೂರೇ ದಿನಗಳಲ್ಲಿ ಎರಡೂ ಗುಂಪಿನ ಇಲಿಗಳು ಸಮಾನವಾಗಿ ಮೇವು ಬಿಟ್ಟವು. ವಿಭಾಗ ಬಯಸಿದ ಸಮಾನತೆ ಸಾಧಿತವಾಗಿದೆ. "ಸಾಹೇಬ್ರ, ನನ್ನ ಕೈ ಕಂಡ್ರ ಮಾರಿ ತಿರುವಾಕತ್ತಾವ್ರೀ. ಸತ್ತಗಿತ್ತ ಹೋದ್ರ ನನ್ನ ಹೆಸರಿಗಿ ಬರೀಬ್ಯಾಡ್ರಿ" ಎಂಬ ತುಕಾರಾಮ ಅವರ ಮನವಿಯನ್ನು ಪರಿಶೀಲಿಸಲಾಗುತ್ತಿದೆ.

೮. ಪ್ರಯೋಗ ಕೆಟ್ಟಿರುವುದು ಎಲ್ಲರಿಗೂ ತಿಳಿದಿದೆ. ಆದರೆ ಮಂಜೂರಾದ ದಾಖಲೆ ಪುಸ್ತಕದಲ್ಲಿ ಮೂವತ್ತು ಹಾಳೆಗಳಿರುವುದರಿಂದ ಮೂವತ್ತು ದಿನ ನಡೆಸಲಾಗುವುದು. ಮೂವತ್ತನೆಯ ದಿನ ಇಪ್ಪತ್ತನಾಲ್ಕೂ ಮೆದುಳುಗಳನ್ನು ತೆಗೆದು ನೋಡಲಾಗುವುದು. ಅಲ್ಲಿಯವರೆಗೆ ಇಲಿಗಳು ಬದುಕಿರುವುದು ಕಡ್ಡಾಯ. ಈ ಸಂಗತಿಯನ್ನು ಭಾಗಾಬಾಯಿಯವರಿಗೆ ಯಾರೂ ತಿಳಿಸತಕ್ಕದ್ದಲ್ಲ. ಪ್ರಯೋಗ ಮುಗಿದ ಮೇಲೆ ಇಲಿಗಳು ಏನಾಗುತ್ತವೆಂದು ಇಲ್ಲಿನ ಆರು ವರ್ಷಗಳ ಕೆಲಸದಲ್ಲಿ ಅವರು ಕೇಳಿಲ್ಲ. ಕೇಳದವರಿಗೆ ಗೊತ್ತಿಲ್ಲವೆಂದು ತಿಳಿಯತಕ್ಕದ್ದು.

೯. ಇಲಿಗಳು ಮತ್ತೆ ಮೇವು ಮುಟ್ಟಬೇಕಾದ ಕಾರಣ ಭಾಗಾಬಾಯಿಯವರನ್ನು ಸೋಮವಾರದಿಂದ ಮರಳಿ ಕರೆಯಲಾಗಿದೆ. ಫೋನಿನಲ್ಲಿ ಅವರು "ಬರ್ತೀನ್ರೀ. ಆದ್ರ ಇನ್ನ ಎಲ್ಲಾಕೂ ರೊಟ್ಟಿ ತರ್ತೀನಿ, ಕೆಂಪು ಹೊಟ್ಟಿನವಕ್ಕೂ" ಎಂದಿದ್ದಾರೆ. ಎರಡೂ ಗುಂಪಿಗೆ ಒಂದೇ ಆರೈಕೆ ಇರಬೇಕೆಂಬ ಇದೇ ಅಭಿಪ್ರಾಯವನ್ನು ತಜ್ಞರ ಸಮಿತಿ ನಲವತ್ತೊಂದು ಪುಟಗಳಲ್ಲಿ ನೀಡಿರುವುದರಿಂದ, ಸಮಿತಿಯ ಸಲಹೆಯನ್ನು ಅಂಗೀಕರಿಸಲಾಗಿದೆ.

೧೦. ಮೂವತ್ತನೆಯ ದಿನಕ್ಕೆ ಭಾಗಾಬಾಯಿಯವರು ಈಗಲೇ ಒಂದು ದಿನದ ರಜೆ ಕೇಳಿದ್ದಾರೆ. ಕಾರಣದ ಅಂಕಣ ಖಾಲಿ ಇದೆ. ರಜೆ ಮಂಜೂರಾಗಿದೆ. ಕಾರಣವನ್ನು ಯಾರೂ ಕೇಳಬಾರದೆಂದು ಈ ಮೂಲಕ ಸೂಚಿಸಲಾಗಿದೆ.

ಸಹಿ/-
(ಶಾಂತಲಿಂಗಪ್ಪ)
ಉಪನಿಯಂತ್ರಕರು (ಪಂಜರಗಳು)

ಪ್ರತಿಗಳು:
ಡಾ. ನಿಲೇಶ — ಮರೆಯುವ ಸಲುವಾಗಿ.
ತಜ್ಞರ ಸಮಿತಿ, ಅಕ್ಕಲಕೋಟ — ಎಚ್ಚರಗೊಂಡ ನಂತರ.
ಶ್ರೀ ತುಕಾರಾಮ — ನೆಮ್ಮದಿಗಾಗಿ.
ಶ್ರೀಮತಿ ಭಾಗಾಬಾಯಿ, ಕಂದಲಗಾಂವ — ಕಲಂ ೮ನ್ನು ಬಿಟ್ಟು.
ಪಂಜರ ೧ರಿಂದ ೨೪ — ತಲಾ ಒಂದು ಪ್ರತಿ, ಹಾಸಿಕೊಳ್ಳಲು.