ಹೇಳದೆ ಬರುವವರು

ಎರಡು ದೇಶಗಳಲ್ಲಿ ಯಾವುದರ ಬದುಕು ಮೇಲು ಎಂಬುದನ್ನು ಎರಡನ್ನೂ ನೋಡದವರು ಹೇಳಿದರೇ ವಾಸಿ. ಅವರಿಗೆ ಸಾಕ್ಷಿಗಳ ಭಯವಿಲ್ಲ. ನಾನು ತೊಂಬತ್ತರ ದಶಕ ಶುರುವಾದಾಗ ಹೈನುಗಾರಿಕೆಯ ತರಬೇತಿಗೆಂದು ಆರು ತಿಂಗಳು ಡೆನ್ಮಾರ್ಕಿನಲ್ಲಿದ್ದು ಬಂದವನು. ಆ ಆರು ತಿಂಗಳನ್ನು ಆಮೇಲೆ ಆರು ವರ್ಷ ಮನೆಯಿರುವ ಪಾಂಡವಪುರದಲ್ಲೂ ಆಫೀಸಿರುವ ಕೆ.ಆರ್. ಪೇಟೆಯಲ್ಲೂ ಬಡಿಸಿದ್ದೇನೆ. ಹಾಲಿನ ಸೊಸೈಟಿಯ ಜಗಲಿಯಿರಲಿ, ಮದುವೆಮನೆಯ ಪಂಕ್ತಿಯಿರಲಿ, ಯಾರಾದರೂ "ಅಲ್ಲೆಂಗೆ ಸಾರ್?" ಎಂದರೆ ಸಾಕು, "ಅಲ್ಲಿ ಹಸುವಿಗೆ ರಬ್ಬರಿನ ಹಾಸಿಗೆ, ಮನುಷ್ಯನಿಗೆ ಮಾತಾಡಲು ಮನುಷ್ಯನಿಲ್ಲ. ನಮ್ಮಲ್ಲಿ ಕರೆಂಟು ಹೋಗಬಹುದು, ಬಾಗಿಲು ಮಾತ್ರ ಯಾವಾಗಲೂ ತೆರೆದೇ ಇರುತ್ತದೆ" ಎಂದು ಹೊರಡುತ್ತಿದ್ದೆ. ಇದಕ್ಕೆ ಪುರಾವೆಯಾಗಿ ಒಂದು ಕಥೆಯೂ ಇತ್ತು. ಅಲ್ಲಿ ನಾನಿದ್ದ ಬೀದಿಯಲ್ಲಿ ಇಂಗರ್ ಎಂಬ ಹೆಂಗಸು. ಒಂದು ಸಂಜೆ ಅವರ ಮನೆಗೆ ಹೇಳದೆ ಹೋದೆ. ಬಾಗಿಲಲ್ಲೇ ನಿಲ್ಲಿಸಿ, "ಬರುತ್ತೇನೆಂದು ತಿಳಿಸಿದ್ದಿರಾ?" ಎಂದು ಕೇಳಿ ವಾಪಸು ಕಳಿಸಿದರು. ಕೇಳಿದವರೆಲ್ಲ ಅಯ್ಯೋ ಎನ್ನುತ್ತಿದ್ದರು. ಆ ಅಯ್ಯೋದ ರುಚಿ ನನಗೆ ಹತ್ತಿತ್ತು.

ಒಂದು ಡಿಸೆಂಬರಿನಲ್ಲಿ ಇಂಗರ್ ಅವರದೇ ಕಾಗದ ಬಂತು. ಜನವರಿಯಲ್ಲಿ ಗಂಡನೊಡನೆ ಮೈಸೂರಿನ ಕಡೆ ಬರುತ್ತಾರಂತೆ. "ನಿಮ್ಮಲ್ಲಿ ನೆಂಟರು ಹೇಳಿ ಬರುವುದಿಲ್ಲ, ಬಾಗಿಲಿಗೆ ಬೀಗವೇ ಇಲ್ಲ ಎಂದಿದ್ದಿರಿ. ನಮಗೆ ಅದು ಬಹಳ ಹಿಡಿಸಿತ್ತು. ನಾವೂ ದಿನ ತಿಳಿಸದೆಯೇ ಬರುತ್ತೇವೆ."

ನಾನು ಹಾಗೆ ಹೇಳಿದ್ದೆನೇ? ನೆನಪನ್ನು ನಾನು ಅಷ್ಟಾಗಿ ನಂಬುವವನಲ್ಲ. ಅದಕ್ಕೇ ಕಾಲೇಜಿನ ದಿನಗಳಿಂದ ಡೈರಿ ಬರೆಯುತ್ತೇನೆ. ಬರೆದದ್ದನ್ನು ತೆಗೆದು ಓದುವುದಿಲ್ಲ, ಅಷ್ಟೆ. ಅಟ್ಟದಿಂದ ಆ ವರ್ಷದ ಡೈರಿ ಇಳಿಸಿ ನೋಡಿದೆ. ಬೀಗದ ಮಾತು ಸಿಗಲಿಲ್ಲ. ಸಿಕ್ಕಿದ್ದು ಬೇರೆ: "ಮಳೆ. ಕಾಲುಚೀಲ ಒದ್ದೆ. ನಾಲ್ಕು ದಿನದಿಂದ ಯಾರೊಡನೆಯೂ ಮಾತಿಲ್ಲ. ತಡೆಯಲಾರದೆ ಇಂಗರ್ ಮನೆಗೆ ಹೋದೆ. ತಲೆಗೆ ಟವೆಲು ಸುತ್ತಿಕೊಂಡಿದ್ದರು, ಗಾಬರಿಯಾದರು. ತಿಳಿಸಿದ್ದಿರಾ ಎಂದರು. ಒಳಗೆ ಕರೆದು ತಮ್ಮ ತಟ್ಟೆಯ ಆಲೂಗಡ್ಡೆಯಲ್ಲಿ ಅರ್ಧ ಕೊಟ್ಟರು."

ಅಕ್ಷರ ನನ್ನದೇ. ಆರು ವರ್ಷದಿಂದ ನಾನು ಆಲೂಗಡ್ಡೆಯನ್ನು ನುಂಗಿಕೊಂಡು ಬಾಗಿಲನ್ನು ಮಾತ್ರ ಹೇಳುತ್ತಾ ಬಂದಿದ್ದೆ. ಈಗ ಆ ಹೆಂಗಸೇ ಬಂದು, ನನ್ನ ಕಥೆ ಕೇಳಿದ ಊರಿನಲ್ಲಿ ನಿಲ್ಲುತ್ತಾರೆ.

ಹೆಂಡತಿ ಜಯಮ್ಮನಿಗೆ ಕಾಗದದ ವಿಷಯವನ್ನಷ್ಟೇ ಹೇಳಿದೆ.

"ಅವ್ರ ದೇಸ್ದಲ್ಲಿ ಎಷ್ಟ್ ದಿನ ಮುಂಚೆ ತಿಳಿಸ್ತಾರ್ರೀ?"

"ಎರಡು ವಾರ."

"ಎರಡು ವಾರಾನಾ! ನನ್ನ ಆ ದೇಸಕ್ಕೆ ಕಳಿಸ್ಬುಡಿ. ಬಾಗ್ಲು ತೆಗ್ದಿರ್ತದೆ ಅಂತ ಅಲ್ಲಿ ಡಂಗುರ ಹೊಡ್ದ್ರಲ್ಲ, ಬಾಗ್ಲಿಂದ್ಗಡೆ ಒಲೆ ಮುಂದೆ ಯಾರ್ ನಿಂತವ್ರೆ ಅಂತ್ಲೂ ಯೋಳಿದ್ರಾ?"

ಹೇಳಿರಲಿಲ್ಲ. ಡೈರಿಯಲ್ಲೂ ಇರಲಿಕ್ಕಿಲ್ಲ.

ಬರುವ ದಿನ ಕೇಳಿ ಬರೆದ ನನ್ನ ಕಾಗದಕ್ಕೆ ಉತ್ತರ ಬರಲಿಲ್ಲ. ಅಷ್ಟರಲ್ಲಿ ಅವರು ಮನೆ ಬಿಟ್ಟಿರಬೇಕು. ಜನವರಿ ಬಂತು, ಅವರೆಕಾಯಿ ಬಂತು, ನಾನು ಆಫೀಸಿಗೆ ರಜೆ ಹಾಕಿದೆ. ಯಾವತ್ತು ಬರುತ್ತಾರೋ ಎಂದು ಜಯಮ್ಮ ದಿನಾ ಸಂಜೆ ಅವರೆಕಾಳು ನೆನೆಹಾಕುವಳು, ಬೆಳಿಗ್ಗೆ ಹಿತಕುವಳು. ಮಧ್ಯಾಹ್ನ ನಾವಿಬ್ಬರೇ ತಿನ್ನುವೆವು. ದಿವಾನದ ಮೇಲಿನ ಹೊಸ ಹೊದಿಕೆಯ ಮೇಲೆ ನನ್ನನ್ನು ಕೂರಗೊಡುತ್ತಿರಲಿಲ್ಲ. ಊರಾಚೆಯ ಸ್ಟೇಷನ್ನಿನಲ್ಲಿ ರೈಲು ಕೂಗಿದರೆ, ಆಟೋ ಬರಲು ಹಿಡಿಯುವಷ್ಟು ಹೊತ್ತು ನಾನು ಗೇಟನ್ನೇ ನೋಡುತ್ತಿದ್ದೆ. ಬರದಿದ್ದರೆ ಒಂದು ಸಮಾಧಾನ. ಮುಂದಿನ ರೈಲಿನವರೆಗೆ ಮಾತ್ರ.

ಹತ್ತೊಂಬತ್ತನೆಯ ದಿನ ಜಯಮ್ಮ ಕಾಳಿನ ಬೋಗುಣಿಯನ್ನು ಕುಕ್ಕಿದಳು. "ನಂಗಾಗಕಿಲ್ಲ. ನಾಗಮಂಗ್ಲಕ್ಕೆ ಅಕ್ಕನ ಮನೆಗೋಗದ ನಡೀರಿ. ನಾವೂ ಯೋಳ್ದೆ ಓಗದ. ಒಂದಿನ ಅವ್ಳು ಬೇಯಿಸ್ಲಿ."

ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿ, ಬಸ್ಸು ಹತ್ತಿದೆವು.

ಸಂಜೆ ಬಂದಾಗ, ಎರಡು ಹಸು ಕಟ್ಟಿಕೊಂಡು ಪಕ್ಕದ ಮನೆಯಲ್ಲಿರುವ ಸಾಕಮ್ಮ ಗೇಟಿನಲ್ಲೇ ಕಾದಿದ್ದಳು. "ಎಲ್ಲೋಗಿದ್ರಪ್ಪ? ನಿಮ್ ಬಿಳೀ ನೆಂಟ್ರು ಬಂದು ಬೀಗಾವ ಮುಟ್ಟಿ ಮುಟ್ಟಿ ನೋಡ್ತಾ ನಿಂತಿದ್ರು. ಒಳಿಕ್ಕೆ ಕರ್ದು ಮುದ್ದೆ, ಬಸ್ಸಾರು ಇಕ್ಕಿದೆ."

"ಅವರ ಮಾತು ಹೇಗೆ ತಿಳಿಯಿತು?"

"ಒಟ್ಟೆ ಅಸ್ದೋರ ಮೊಕ ನೋಡುದ್ರೆ ತಿಳಿಯಾಕಿಲ್ವಾ? ಮುದ್ದೆಯ ನುಂಗು ಅಂದ್ರೆ ಅಗೀತಾಳೆ ಪುಣ್ಯಾತ್ಗಿತ್ತಿ. ನಮ್ ಅಸೀನ ಕತ್ತ ಸವ್ರಿ ಸವ್ರಿ ಓದ್ಲು." ಆಮೇಲೆ ನನ್ನ ಮುಖವನ್ನೇ ನೋಡಿದಳು. "ಬಾಗ್ಲಲ್ಲೇ ನಿಲ್ಸಿ ಕಳಿಸ್ಬುಟ್ಳು ಅಂತಿದ್ಯಲ್ಲ, ಆಯಮ್ಮನೇಯಾ ಇದು? ನಂಗಂಗೆ ಕಾಣ್ನಿಲ್ಲ ಕಣಪ್ಪ."

ನಾನು ಬೀಗದ ಕೈ ಹುಡುಕುವವನಂತೆ ಜೇಬು ತಡಕಿದೆ. ಬೀಗದ ಕೊಂಡಿಯಲ್ಲಿ ಮಡಿಸಿ ಸಿಕ್ಕಿಸಿದ ಒಂದು ಚೀಟಿ ಇತ್ತು. "ನಾವು ಬಂದಿದ್ದೆವು. ನಾಳೆ ವಿಮಾನ, ಇನ್ನು ಕಾಯಲಾರೆವು. ನಿಮ್ಮ ಪಕ್ಕದ ಮನೆಯವರ ಬಾಗಿಲು ನೀವು ಹೇಳಿದಂತೆಯೇ ಇತ್ತು. ಬೀಗವಿಲ್ಲ ಎಂದಿದ್ದಿರಿ ಎಂದುಕೊಂಡಿದ್ದೆ, ಬಹುಶಃ ನನ್ನ ನೆನಪೇ ತಪ್ಪಿರಬೇಕು."

ತಪ್ಪಿದ ನೆನಪು ಯಾರದೆಂದು ತಿಳಿಸಿ ಕಾಗದ ಬರೆಯಬೇಕೆಂದು ಅವತ್ತೇ ಡೈರಿಯಲ್ಲಿ ಗುರುತು ಹಾಕಿದೆ. ಇನ್ನೂ ಬರೆದಿಲ್ಲ.

ಮುಂದಿನ ವಾರ ಕೆ.ಆರ್. ಪೇಟೆಯ ಆಫೀಸಿನಲ್ಲಿ ಸಹೋದ್ಯೋಗಿಯೊಬ್ಬರು, "ಡೆನ್ಮಾರ್ಕಿನೋರು ಬಂದಿದ್ರಾ ಸಾರ್?" ಎಂದರು. "ಬಂದಿದ್ದರು. ಊಟ ಮಾಡಿಕೊಂಡೇ ಹೋದರು. ಹಿತಕಿದ ಬೇಳೆ ಸಾರನ್ನು ಮೂರು ಸಲ ಹಾಕಿಸಿಕೊಂಡರು" ಎಂದೆ. ಬಸ್ಸಾರು ನನ್ನ ಬಾಯಿಗೆ ಬರುವಷ್ಟರಲ್ಲೇ ಬೇರೆ ಸಾರಾಗಿತ್ತು. ಯಾರ ಮನೆಯಲ್ಲಿ ಎಂದು ಅವರು ಕೇಳಲಿಲ್ಲ.

"ಅಂಗಾದ್ರೆ ಒಂದಿನ ನಾವೂ ಯೋಳ್ದೆ ಬಂದ್ಬುಡ್ತೀವಿ ಸಾರ್."

"ಬನ್ನಿ, ಬನ್ನಿ, ಅದಕ್ಕೇನು" ಎಂದೆ. "ಎರಡು ವಾರ ಮುಂಚೆ ಒಂದು ಕಾರ್ಡು ಹಾಕಿ."