ಮಾವ ಕೊಟ್ಟ ಹಸಿರು ಸೈಕಲ್ಲು

ಸೈಕಲ್ಲಿಗೆ ಏನೂ ಆಗಿರಲಿಲ್ಲ. ಚಕ್ರ ಸರಿಯಿತ್ತು, ಚೈನು ಸರಿಯಿತ್ತು, ಬೆಲ್ಲು ಬಾರಿಸಿದರೆ ಓಣಿಯ ಆ ತುದಿಗೆ ಕೇಳುತ್ತಿತ್ತು. ತೊಂದರೆ ಇದ್ದದ್ದು ಅದರ ಮಾಲೀಕನಲ್ಲಿ. ದರ್ಜಿ ಶಬ್ಬೀರನಿಗೆ ಸೈಕಲ್ ಹೊಡೆಯಲು ಬರುತ್ತಿರಲಿಲ್ಲ.

ಬಾರದಿರುವುದು ದೊಡ್ಡ ಅಪರಾಧವೇನಲ್ಲ ಬಿಡಿ. ದಾವಣಗೆರೆಯಲ್ಲಿ ಸೈಕಲ್ ಬಾರದ ಗಂಡಸರು ಬೇಕಾದಷ್ಟಿದ್ದರು, ಎಲ್ಲರೂ ಎರಡು ಹೊತ್ತು ಉಂಡು ಸುಖವಾಗಿಯೇ ಇದ್ದರು. ಶಬ್ಬೀರನ ತಪ್ಪು ಬೇರೆ. ಹೆಣ್ಣು ನೋಡಲು ಹರಿಹರಕ್ಕೆ ಹೋದಾಗ ಹುಡುಗಿಯ ತಂದೆ ಬುಡನ್ ಸಾಬರು, "ಸೈಕಲ್ ಹೊಡೀತೀರೇನ್ರಿ?" ಎಂದು ಕೇಳಿದ್ದರು. ಅಷ್ಟರಲ್ಲಿ ಪರದೆಯ ಹಿಂದೆ ಹುಡುಗಿಯರು ಕಿಸಕ್ಕನೆ ನಕ್ಕರು. ನಗುವ ಹುಡುಗಿಯರ ಎದುರು 'ಇಲ್ಲ' ಎನ್ನಲು ಎಂಥ ಎದೆ ಬೇಕು! ಶಬ್ಬೀರ ಹೂಂ ಎಂದು ತಲೆಯಾಡಿಸಿಬಿಟ್ಟ. ನಿಕಾಹ್ ದಿನ ನೋಡಿದರೆ ಚಪ್ಪರದ ಕಂಬಕ್ಕೆ ಒರಗಿಕೊಂಡು ಹಸಿರು ಸೈಕಲ್ಲೊಂದು ಇವನ ಕೊರಳಲ್ಲಿದ್ದಷ್ಟೇ ದೊಡ್ಡ ಹಾರ ಹಾಕಿಸಿಕೊಂಡು ನಿಂತಿತ್ತು.

ಅಂದಿನಿಂದ ಅವನು ಅದನ್ನು ತಳ್ಳುತ್ತಿದ್ದ. ಬೆಳಗ್ಗೆ ಅಂಗಡಿಗೆ ತಳ್ಳಿಕೊಂಡು ಹೋಗಿ, ಕಂಡವರ ಮಿಶನ್ನಿನ ಮೇಲೆ ಕೂಲಿಗೆ ಬಟ್ಟೆ ಹೊಲಿದು, ಸಂಜೆ ತಳ್ಳಿಕೊಂಡು ಮನೆಗೆ ಬರುತ್ತಿದ್ದ. ಯಾರಾದರೂ ಕೇಳಿದರೆ, "ಪಂಚರ್ ಆಗೈತ್ರಿ" ಎನ್ನುತ್ತಿದ್ದ. ಪಕ್ಕದ ಮನೆಯ ಭರಮಣ್ಣ ಹತ್ತಿ ಮಿಲ್ಲಿನ ಕೆಲಸಗಾರ. ದಿನಕ್ಕೊಂದು ಪರೋಪಕಾರ ಮಾಡದಿದ್ದರೆ ಅವನಿಗೆ ಉಂಡದ್ದು ಅರಗುತ್ತಿರಲಿಲ್ಲ. ಅವನು ಪಂಪು ಹಿಡಿದು ಓಡಿ ಬಂದು ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿದರೆ, ಶಬ್ಬೀರ "ಈಗ ಬ್ರೇಕ್ ಕೈಕೊಟ್ಟೈತೆ" ಎನ್ನುತ್ತಿದ್ದ. ಮರುದಿನ ಚೈನು ಕೆಡುತ್ತಿತ್ತು, ಅದರ ಮರುದಿನ ಪೆಡಲು.

ಇಡೀ ಓಣಿ ಒಂದು ತೀರ್ಮಾನಕ್ಕೆ ಬಂತು. ಹರಿಹರದ ಮಾವ ಅಳಿಯನ ಕೊರಳಿಗೆ ಲಡಕಾಸಿ ಸೈಕಲ್ಲು ಕಟ್ಟಿದ್ದಾನೆ! ಈ ಮಾತು ಹರಿಹರಕ್ಕೂ ಮುಟ್ಟಿತು. ಪಾತ್ರೆ ಅಂಗಡಿ ಇಟ್ಟುಕೊಂಡು, ತೂತು ಬಿದ್ದ ಒಂದು ತಂಬಿಗೆಯನ್ನೂ ಯಾರಿಗೂ ಮಾರಿರದ ಬುಡನ್ ಸಾಬರಿಗೆ ಅದು ಚೇಳು ಕುಟುಕಿದ ಹಾಗಾಯಿತು. 'ಶುಕ್ರವಾರ ಜುಮ್ಮಾ ನಮಾಜಿಗೆ ಮುಂಚೆ ಹಿರಿಯರನ್ನ ಕೂಡ್ಸೀನಿ. ಸೈಕಲ್ಲು ತನ್ರಿ. ತಪ್ಪು ನಂದಾದ್ರೆ ಎಲ್ಲರ ಮುಂದೆ ಒಪ್ಕೊಂತೀನಿ' ಎಂದು ಹೇಳಿ ಕಳಿಸಿದರು.

ಗುರುವಾರವೇ ಹೆಂಡತಿ ಖತೀಜಾಬೀ ಗಂಟು ಕಟ್ಟಿಕೊಂಡು ತವರಿನ ಬಸ್ಸು ಹತ್ತಿದಳು. ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತ, "ಏನ್ರೀ, ನಮ್ಮ ಅಬ್ಬಾನ ಮರ್ಯಾದಿ ಮಾತು ಇದು. ನಾಳೆ ಸೈಕಲ್ಲು ಹೆಂಗೈತೋ ಹಂಗೇ ತಗೊಂಡು ಬರ್ರಿ" ಎಂದಳು.

ಅಂದು ರಾತ್ರಿ ಶಬ್ಬೀರ ಸೈಕಲ್ಲಿನ ಎದುರು ಕುಕ್ಕರಿಸಿದ. ಥೂ, ನನ್ನ ಬಾಳೇ! ತಾನು ಹೇಳಿದ ಸುಳ್ಳಿಗೆ ಆ ದೇವರಂಥ ಮನುಷ್ಯ ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಲ್ಲಬೇಕೇ? ನಿಜ ಹೇಳೋಣವೆಂದರೆ ನಾಲಿಗೆ ಏಳುವುದಿಲ್ಲ. ಉಳಿದದ್ದು ಒಂದೇ ದಾರಿ. ನಾಳೆ ಸೈಕಲ್ ಹೊಡೆದುಕೊಂಡೇ ಹರಿಹರಕ್ಕೆ ಹೋಗಬೇಕು. ಅದಕ್ಕೆ ಮೊದಲು, ದಾರಿಯಲ್ಲೇ ಕಲಿಯಬೇಕು.

ಆಗ ಭದ್ರಾ ಚಾನಲ್ಲಿಗೆ ಇನ್ನೂ ನೀರು ಬಿಟ್ಟಿರಲಿಲ್ಲ. ಹೊಸದಾಗಿ ಎತ್ತಿದ ಏರಿಯ ಮೇಲೆ ಗರಸು ಕಲ್ಲು ಹಾಸಿದ ದಾರಿ ಹರಿಹರದ ಕಡೆಗೆ ಹೊರಟಿತ್ತು. ಲಾರಿಯಿಲ್ಲ, ಬಸ್ಸಿಲ್ಲ, ಗಾಡಿ ಹತ್ತಿಸಿದರೆ ಇಲಾಖೆಯವರು ಬೈಯುತ್ತಿದ್ದರು. ಅಲ್ಲಿ ಬಿದ್ದರೆ ನೋಡಿ ನಗಲು ಒಂದು ನರಪಿಳ್ಳೆಯೂ ಇರುವುದಿಲ್ಲ ಎಂದುಕೊಂಡು ಶಬ್ಬೀರ ಶುಕ್ರವಾರ ಬೆಳಗಾಗುತ್ತಲೇ ಸೈಕಲ್ಲು ತಳ್ಳಿಕೊಂಡು ಏರಿ ಹತ್ತಿದ.

"ಶಬ್ಬೀರ್ ಸಾಬ್ರೇ, ನಿಂದರ್ರಿ!"

ಒಗೆದ ಅಂಗಿ ತೊಟ್ಟು, ಪಂಪು ಕಂಕುಳಲ್ಲಿಟ್ಟುಕೊಂಡು ಭರಮಣ್ಣ ಓಡಿ ಬರುತ್ತಿದ್ದ.

"ನೀವ್ಯಾಕ ಬಂದ್ರಿ ಭರಮಣ್ಣ?"

"ಯಾಕಂದ್ರೆ? ಸಾಕ್ಷಿ ಹೇಳಾಕೆ! ಮಿಲ್ಲಿಗೆ ರಜ ಹಾಕೀನಿ. ಈ ಸೈಕಲ್ಲಿನ ಹಣೆಬರಹ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತೈತೆ? ಇಂಥ ಮೋಸದ ಮಾಲು ಕೊಟ್ಟಿದ್ದಕ್ಕೆ ನಿಮ್ಮ ಮಾವನ ಮುಖಕ್ಕೇ ಹೇಳ್ತೀನಿ, ನೀವು ಹೆದರಬ್ಯಾಡ್ರಿ."

ಶಬ್ಬೀರನಿಗೆ ಕಣ್ಣು ಕತ್ತಲೆ ಬಂತು. ಮಾವನ ಮಾನ ಕಳೆಯಲು ತಾನೊಬ್ಬ ಸಾಲದೆ ಇವನೊಬ್ಬ! ಶಬ್ಬೀರ ಗರಸಿನ ಮೇಲೆ ಕುಕ್ಕರಿಸಿ, ಮುಖ ಮುಚ್ಚಿಕೊಂಡು, "ಭರಮಣ್ಣ, ಸೈಕಲ್ಲು ಚಿನ್ನದಂಗೈತೆ. ನನಗೇ ಹೊಡೆಯಾಕೆ ಬರಲ್ಲ" ಎಂದ.

ಭರಮಣ್ಣ ಒಮ್ಮೆ ಪಂಪಿನ ಮುಖ ನೋಡಿದ, ಒಮ್ಮೆ ಶಬ್ಬೀರನ ಮುಖ ನೋಡಿದ.

"ಅಲ್ರೀ... ಇಷ್ಟು ದಿನ ನಾನು ಗಾಳಿ ಹೊಡೆದಿದ್ದು?"

"ಸುಮ್ನೆ ಹೊಡೆದ್ರಿ."

"ನನ್ನ ರಟ್ಟೆ ಬಿದ್ದುಹೋಗಿತ್ತಲ್ರೀ ಮಾರಾಯ್ರೇ!" ಎಂದವನು ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ಶಬ್ಬೀರನಿಗೆ ಚಾನಲ್ಲಿನಲ್ಲಿ ಇವತ್ತೇ ನೀರು ಬರಬಾರದಿತ್ತೇ ಅನ್ನಿಸಿತು. ಆದರೆ ಭರಮಣ್ಣ ನಕ್ಕು ಮುಗಿಸಿ ಕಣ್ಣೊರೆಸಿಕೊಂಡವನೇ ಪಂಚೆ ಎತ್ತಿ ಕಟ್ಟಿದ. "ಏಳ್ರಿ ಮೇಲೆ. ಈ ಮಾತು ನನ್ನ ಹೊಟ್ಟೆಯಾಗೇ ಇರ್ತೈತೆ. ಹತ್ರಿ, ಹಿಂದೆ ನಾನು ಹಿಡ್ಕೊಂತೀನಿ."

ಮೊದಲ ಸಲ ಶಬ್ಬೀರ ಎಡಕ್ಕೆ ಬಿದ್ದ. ಅಲ್ಲಿ ಜಾಲಿ ಮುಳ್ಳಿತ್ತು. ಎರಡನೆಯ ಸಲ ಚಕ್ರದ ಕೆಳಗೆ ಗರಸು ಪರಪರ ಜಾರಿ ಬಲಕ್ಕೆ ಉರುಳಿದ, ಸೈಕಲ್ಲನ್ನು ಅಪ್ಪಿಕೊಂಡೇ ಒಣ ಚಾನಲ್ಲಿನ ತಳ ಮುಟ್ಟಿದ. ನರಪಿಳ್ಳೆಯೂ ಇಲ್ಲವೆಂದುಕೊಂಡಿದ್ದನಲ್ಲ, ಕೆಳಗೆ ಹೆಂಗಸರ ಒಂದು ದಂಡೇ ಬುಟ್ಟಿಯಲ್ಲಿ ಮಣ್ಣು ಹೊರುತ್ತಿತ್ತು. ಅವರ ಮೇಸ್ತ್ರಿಣಿ ಸುಂಕಲಮ್ಮ ಸೊಂಟದ ಮೇಲೆ ಕೈಯಿಟ್ಟು, "ಯಣ್ಣಾ, ನೀರು ಬಿಡಾಕೆ ಇನ್ನೂ ದಿನ ಐತೆ. ಈಜಾಕೆ ಈಗ್ಲೇ ಇಳಿದ್ಯಾ?" ಎಂದಳು. ಹೆಂಗಸರು ಬುಟ್ಟಿ ಕೆಳಗಿಟ್ಟು ನಕ್ಕರು. ಕೊನೆಗೆ ಅವರೇ ಅವನನ್ನೂ ಸೈಕಲ್ಲನ್ನೂ ಕೈಗೆ ಕೈ ಕೊಟ್ಟು ಮೇಲೆ ಎಳೆದರು. ಮದುಮಗನನ್ನು ಕೂರಿಸಿದ ಹಾಗೆ ಸೀಟಿನ ಮೇಲೆ ಕೂರಿಸಿ, ಎಲ್ಲರೂ ಸೇರಿ ಹಿಂದಿನಿಂದ ಒಂದು ನೂಕು ನೂಕಿದರು. ಶಬ್ಬೀರ ನಾಚಿಕೆಯಿಂದ ಕಣ್ಣು ಮುಚ್ಚಿಕೊಂಡ.

ಕಣ್ಣು ಬಿಟ್ಟಾಗ ಸೈಕಲ್ಲು ಹೋಗುತ್ತಿತ್ತು!

"ಭರಮಣ್ಣ, ಬಿಡಬ್ಯಾಡ್ರಿ!"

"ಬಿಟ್ಟು ಬಾಳ ಹೊತ್ತಾತು! ಬ್ರೇಕ್ ಹಿಡೀರಿ, ನಾನೂ ಬರ್ತೀನಿ!" ಭರಮಣ್ಣನ ಕೂಗು ಎಲ್ಲೋ ಹಿಂದಿನಿಂದ ಬಂತು.

"ಹಿಡಿದ್ರೆ ಬೀಳ್ತೀನಿ!"

ಹತ್ತಲು ಬಾರದು, ಇಳಿಯಲು ಬಾರದು, ನಿಲ್ಲಿಸಲು ಬಾರದು. ಬರುವುದು ಒಂದೇ, ಮುಂದೆ ಹೋಗುವುದು. ಸರಿ, ಹರಿಹರ ಬರುವ ತನಕ ಇಳಿಯುವುದೇ ಬೇಡ ಎಂದು ಶಬ್ಬೀರ ಹಲ್ಲು ಕಚ್ಚಿ ತುಳಿದ. ಗರಸಿನ ಕುಲುಕಾಟಕ್ಕೆ ಕಚ್ಚಿದ ಹಲ್ಲೂ ಕಟಕಟ ಎನ್ನುತ್ತಿತ್ತು. ಆದರೆ ಎದುರಿಗೆ ಬರುವವರಿಲ್ಲ, ಹಿಂದಿನಿಂದ ಹಾರನ್ ಹೊಡೆಯುವವರಿಲ್ಲ. ಎರಡೂ ಕಡೆ ಜೋಳದ ಹೊಲ, ಮುಖಕ್ಕೆ ತಣ್ಣನೆ ಗಾಳಿ. ಅಯ್ಯೋ, ಇಷ್ಟು ಸುಖವನ್ನು ಇಷ್ಟು ದಿನ ತಳ್ಳಿಕೊಂಡು ತಿರುಗಿದೆನಲ್ಲ ಎಂದು ಅವನಿಗೆ ಅಳುವೇ ಬಂತು.

ಹರಿಹರದಲ್ಲಿ ಬುಡನ್ ಸಾಬರ ಮನೆಯ ಮುಂದಿನ ಬೇವಿನ ಮರದ ಸುತ್ತ ಚಾಪೆ ಹಾಸಿ ಹಿರಿಯರು ಕೂತಿದ್ದರು. ಬುಡನ್ ಸಾಬರು ತಪ್ಪು ಮಾಡಿದವರ ಹಾಗೆ ಮೂಲೆಯಲ್ಲಿ ನಿಂತಿದ್ದರು. ಅಷ್ಟರಲ್ಲಿ ಬೆಲ್ಲು ಕೇಳಿಸಿತು. ಧೂಳಿನಲ್ಲಿ ಮಿಂದ ಅಳಿಯ ಸೈಕಲ್ಲಿನ ಮೇಲೆ ಬಂದವನು ಮರದ ಸುತ್ತ ಒಂದು ಸುತ್ತು ಹಾಕಿದ. ನಿಲ್ಲಲಿಲ್ಲ. ಇನ್ನೊಂದು ಸುತ್ತು ಹಾಕಿದ. ಬಾಗಿಲಲ್ಲಿ ನಿಂತಿದ್ದ ಖತೀಜಾಬೀಯ ಬಾಯಿ ತೆರೆದದ್ದು ತೆರೆದೇ ಇತ್ತು.

"ವಾಹ್ ವಾ! ಏನು ಕಸರತ್ತು ನೋಡ್ರಿ!" ಎಂದರು ಹಿರಿಯರಾದ ಜಮಾಲ್ ಸಾಬ್.

ಮೂರನೆಯ ಸುತ್ತಿಗೆ ಕಾಲು ಸೋತು, ಶಬ್ಬೀರ ಬೇವಿನ ಮರವನ್ನು ತಬ್ಬಿಕೊಂಡು ನಿಂತ.

ಬುಡನ್ ಸಾಬರು ಓಡಿ ಬಂದು ಅಳಿಯನನ್ನು ಮರದಿಂದ ಬಿಡಿಸಿ ತಾವು ತಬ್ಬಿಕೊಂಡರು. ಕಣ್ಣಲ್ಲಿ ನೀರು. "ನೋಡಿದ್ರೇನ್ರಿ ಎಲ್ರೂ! ದಾವಣಗೆರೆಯಿಂದ ಇಲ್ಲೀ ತನಕ, ಅದೂ ಗರಸಿನ ಮೇಲೆ! ಇದು ಕೆಟ್ಟ ಸೈಕಲ್ಲೇನು? ಯಾ ಅಲ್ಲಾ, ನನ್ನ ಮಾನ ಉಳೀತು!"

ಶಬ್ಬೀರನಿಗೆ ಎದೆಯ ಮೇಲಿನ ಬಂಡೆ ಇಳಿದ ಹಾಗಾಯಿತು. ಬುಡನ್ ಸಾಬರು ಕಣ್ಣೊರೆಸಿಕೊಂಡು ಜಗುಲಿಯ ಮೇಲೆ ಮುಚ್ಚಿದ್ದ ಚಾದರ ಸರಿಸಿದರು. ಕೆಳಗೆ ಕರ್ರಗೆ ಮಿಂಚುವ ಹೊಲಿಗೆ ಮಿಶನ್ನು.

"ಕೆಟ್ಟ ಸೈಕಲ್ಲು ಕೊಟ್ಟ ಪಾಪ ಬ್ಯಾಡ ಅಂತ ಬದಲಿಗೆ ಇದನ್ನ ತಂದಿಟ್ಟಿದ್ದೆ ಬೇಟಾ. ನಿಮ್ಮ ಕಸುಬಿಗೂ ಆಗ್ತಿತ್ತು. ಇನ್ನೇನು ಬಿಡ್ರಿ, ಸೈಕಲ್ಲೇ ಚೆನ್ನಾಗೈತಲ್ಲ! ನಮ್ಮ ಚಿಕ್ಕ ಮಗಳ ಗಂಡ, ಹದಡಿಯ ಹೊಸ ಅಳಿಯಂಗೆ ಇದನ್ನ ಕೊಟ್ಟುಬಿಡೋಣ."

ಶಬ್ಬೀರ ಮಿಶನ್ನಿನ ಕಡೆಗೆ ಎರಡು ಹೆಜ್ಜೆ ಇಟ್ಟ. "ಮಾಮೂ... ಸೈಕಲ್ಲು ಒಂಚೂರು... ಎಡಕ್ಕೆ ಎಳೀತೈತೆ..."

"ಎಳೆದ್ರೂ ಮರದ ಸುತ್ತ ಹಂಗೆ ತಿರುಗಿಸಿದ್ರಲ್ರೀ, ಭಲೇ!" ಎಂದು ಜಮಾಲ್ ಸಾಬ್ ಬೆನ್ನು ತಟ್ಟಿದರು. "ಇಂಥ ಸವಾರ ಇರುವಾಗ ಬೇರೆ ಗಾಡಿ ಯಾಕ? ಮಿಶನ್ನು ಕ್ಯಾರಿಯರಿಗೆ ಕಟ್ರಿ, ಹದಡಿ ದಾವಣಗೆರೆ ಮಗ್ಗುಲಾಗೇ ಐತಲ್ಲ, ಇವರೇ ಮುಟ್ಟಿಸ್ತಾರೆ."

ಕಟ್ಟಿಯೂ ಆಯಿತು. ಅಳಿಯ ಹತ್ತುವುದನ್ನು ನೋಡಲು ಎಲ್ಲರೂ ಎದ್ದು ನಿಂತರು. ಶಬ್ಬೀರ ತಲೆ ತಗ್ಗಿಸಿ, "ಹಿರಿಯರ ಮುಂದೆ ಸವಾರಿ ಮಾಡೋದು ಅದಬ್ ಅಲ್ಲ, ಮರ್ಯಾದಿ ಅಲ್ಲ" ಎಂದು ಹೇಳಿ ತಳ್ಳಿಕೊಂಡು ಹೊರಟ. ಹಿರಿಯರು ಅದಕ್ಕೂ ವಾಹ್ ಎಂದರು.

ಚಾನಲ್ ಏರಿಯ ಮೇಲೆ ಖತೀಜಾಬೀಯೂ ಗಂಟು ಹೊತ್ತು ಗಂಡನ ಜೊತೆ ನಡೆದಳು. ಗರಸಿನ ಮೇಲೆ ಮಿಶನ್ನು ಗಡಗಡ ಎನ್ನುತ್ತಿತ್ತು. ಶಬ್ಬೀರನಿಗೆ ತಡೆಯಲಾಗಲಿಲ್ಲ. ನಿಂತು, ನೆಲ ನೋಡುತ್ತ, "ಖತೀಜಾ, ನಿನಗೊಂದು ಮಾತು ಹೇಳ್ಬೇಕು. ನನಗೆ ಇವತ್ತಿನ ತನಕ ಸೈಕಲ್ಲು..." ಎಂದು ತೊದಲಿದ.

"ಬರ್ತಿರಲಿಲ್ಲ. ಮದುವೆಯಾದ ವಾರಕ್ಕೇ ಗೊತ್ತಾಗಿತ್ತು ನನಗೆ," ಎಂದಳು ಖತೀಜಾಬೀ.

"ಮತ್ತೆ... ಕೆಟ್ಟ ಸೈಕಲ್ಲು ಅಂತ ಹರಿಹರದಾಗೆ ಹೇಳಿದ್ದು?"

"ನಾನೇ. ಅತ್ತು ಕರೆದು, ಅಬ್ಬಾನ್ನ ಒಪ್ಪಿಸಿ, ಆ ಮಿಶನ್ನು ತರಿಸಿದ್ದೂ ನಾನೇ." ಅವಳು ಸೆರಗಿನಿಂದ ಮಿಶನ್ನಿನ ಮೇಲಿನ ಧೂಳು ಒರೆಸಿದಳು. ಈ ಸಲ ಅವಳ ಕಣ್ಣಲ್ಲಿ ನಿಜವಾಗಿ ನೀರು ಬಂದಿತ್ತು. "ಇಷ್ಟು ದಿನ ತಳ್ಳಿದೋರು ಇವತ್ತೊಂದು ದಿನ ತಳ್ಕೊಂಡು ಬರಾಕೆ ಆಗ್ಲಿಲ್ವೇನ್ರೀ ನಿಮಗೆ?"