ಪರೀಕ್ಷೆಯಲ್ಲಿ ನಾನು ಬಿಟ್ಟ ಹಂದಿ ರೋಗ

ನಮ್ಮ ಸೋದರಮಾವನಿಗೆ ತಲೆ ನೆಟ್ಟಗಿಲ್ಲ ಎಂದು ಗದಗ-ಬೆಟಗೇರಿಯ ನಮ್ಮ ಬಂಧುಗಳೆಲ್ಲ ಒಮ್ಮತದಿಂದ ತೀರ್ಮಾನಿಸಿ ಎಂಟು ವರ್ಷವಾಯಿತು. ಬೇರೆ ಯಾವ ವಿಷಯದಲ್ಲೂ ಅವರಲ್ಲಿ ಒಮ್ಮತ ಇದ್ದದ್ದನ್ನು ನಾನು ಕಂಡಿಲ್ಲ. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತನಾದ ಮಾಸ್ತರ, ದೇವರು ದಿಂಡರು ಎಂದುಕೊಂಡು ಇರುವುದು ಬಿಟ್ಟು, ಬಾಳೆಹೊಸೂರಿನ ಹೊಲದಲ್ಲಿ ಶೆಡ್ ಹಾಕಿ ಬಿಳಿ ಹಂದಿ ಸಾಕಿದರೆ ಜನ ಇನ್ನೇನು ಹೇಳುತ್ತಾರೆ? ಅದೂ ಹೋಗಲಿ, ಹಂದಿಗಳಿಗೆ ‘ಬರ್ರಿ, ಉಣ್ರಿ’ ಎನ್ನುವವನು ಪಶುವೈದ್ಯನಾದ ನನಗೆ ಮಾತ್ರ ‘ಬಾರಲೇ’ ಎನ್ನುತ್ತಿದ್ದ. ಒಮ್ಮೆ ತಾಯಿಹಂದಿಗೆ ಹಾಗೆ ಅನ್ನುವಾಗ ಕೇಳಿಯೇ ಬಿಟ್ಟೆ.

“ಅಕಿ ಹನ್ನೊಂದು ಮಕ್ಕಳ ತಾಯಿ,” ಎಂದ ಮಾಮಾ. “ನೀ ಏನ್ ಮಾಡೀದಿ ಹೇಳು.”

ನಾನು ಎರಡು ಸಲ ಪರೀಕ್ಷೆ ಬರೆದು ಡಿಗ್ರಿ ಪಡೆದಿದ್ದೆ. ಅದನ್ನು ಹೇಳಲಿಲ್ಲ.

ಡಿಗ್ರಿಯ ಮಾತು ಬಂತಲ್ಲ, ಇನ್ನೊಂದು ಗುಟ್ಟನ್ನೂ ಹೇಳಿಬಿಡುತ್ತೇನೆ. ಕೊನೆಯ ವರ್ಷದ ಪರೀಕ್ಷೆಯಲ್ಲಿ ‘ಹಂದಿಗಳ ನರಮಂಡಲಕ್ಕೆ ತಗಲುವ ವೈರಸ್ ರೋಗಗಳನ್ನು ವಿವರಿಸಿ’ ಎಂಬ ಪ್ರಶ್ನೆ ಬಂದಿತ್ತು. ಅದನ್ನು ಬಿಟ್ಟು ಕೋಳಿಯ ಬಗ್ಗೆ ಎರಡು ಪುಟ ಬರೆದು ಬಂದೆ. ಲಕ್ಷ್ಮೇಶ್ವರದ ನನ್ನ ದವಾಖಾನೆಗೆ ಎಮ್ಮೆ ಬರುತ್ತದೆ, ಆಡು ಬರುತ್ತದೆ, ಹಂದಿಯನ್ನು ಯಾರು ತರುತ್ತಾರೆ ಎಂಬುದು ನನ್ನ ಧೈರ್ಯ. ಸೋದರಮಾವ ತರುತ್ತಾನೆ ಎಂದು ಯಾರಿಗೆ ಗೊತ್ತಿತ್ತು?

ತಂದದ್ದಾದರೂ ಹೇಗೆ? ಬಸ್ಸಿನಲ್ಲಿ, ಎರಡು ದಿನದ ಮರಿಯನ್ನು ಮಾಮಿಯ ಹಳೆಯ ಸೀರೆಯಲ್ಲಿ ಸುತ್ತಿ, ಎದೆಗವಚಿಕೊಂಡು. ಪಕ್ಕದಲ್ಲಿ ಕುಳಿತ ಹೆಣ್ಣುಮಗಳೊಬ್ಬಳು ಮರುಗಿದಳಂತೆ. “ಕೂಸಿಗೆ ಭಾಳ ಥಂಡಿ ಆಗೇತೇನ್ರಿ? ಒಂದ ಸವನ ನಡಗಾಕ ಹತ್ತೇತಿ.”

“ಹುಟ್ಟಿದಾಗಿಂದನೂ ಹಂಗ ಐತವಾ,” ಎಂದ ಮಾಮಾ.

ಆಕೆ ಸೀರೆಯ ಅಂಚು ಸರಿಸಿ ನೋಡಿ ಮತ್ತೆ ಮುಚ್ಚಿದಳು. ಆಮೇಲೆ, “ಮೂಗು ಥೇಟ್ ನಿಮ್ಮಂಗ ಐತ್ರಿ,” ಎಂದಳಂತೆ.

ದವಾಖಾನೆಯಲ್ಲಿ ನಾನೂ ಆಕೆಯಷ್ಟೇ ತಿಳಿದವನಂತೆ ಮರಿಯನ್ನು ಮುಟ್ಟಿ, “ಥಂಡಿ. ಶೆಡ್ಡಿನಾಗ ಒಂದು ಬಲ್ಬ್ ಹಚ್ಚು,” ಎಂದೆ.

“ಹನ್ನೊಂದೂ ಹಿಂಗ ನಡಗತಾವಲೇ. ಆದ್ರ ನಿದ್ದಿ ಹತ್ತಿತಂದ್ರ ನಡುಕ ನಿಂತಬಿಡತೈತಿ. ಥಂಡಿ ಆಗಿದ್ರ ನಿದ್ದ್ಯಾಗೂ ನಡಗಬೇಕಲ್ಲ?”

ಗಣಿತದ ಮಾಸ್ತರರ ಎದುರು ಉತ್ತರ ತಪ್ಪಾದರೆ ಬೆವರು ಬರುವುದು ನನಗೆ ಹೊಸದಲ್ಲ. ಔಷಧಿ ತರುವ ನೆಪ ಮಾಡಿ ಹಿಂದಿನ ಕೋಣೆಗೆ ಹೋಗಿ, ಕಾಲೇಜಿನ ನನ್ನ ಹಳೆಯ ಗುರುಗಳಿಗೆ ಫೋನ್ ಹಚ್ಚಿದೆ. ನಿದ್ದೆಯ ಮಾತು ಕೇಳುತ್ತಲೇ ಅವರು ಗುರುತು ಹಿಡಿದರು. ಬಹುಶಃ ತಾಯಿಯ ಹೊಟ್ಟೆಯಲ್ಲಿದ್ದಾಗಲೇ ತಗಲಿದ ವೈರಸ್. ನರಗಳ ಮೇಲಿನ ಹೊದಿಕೆ ಸರಿಯಾಗಿ ಬೆಳೆದಿರುವುದಿಲ್ಲ. ಮದ್ದಿಲ್ಲ. ನಡುಕದಿಂದ ಮರಿಗಳು ಸಾಯುವುದು ಕಡಿಮೆ, ಮೊಲೆ ಹಿಡಿಯಲಾಗದೆ ಹಸಿವಿನಿಂದ ಸಾಯುತ್ತವೆ. ಕೊನೆಗೆ ಅವರೇ ಕೇಳಿದರು, “ಈ ಪ್ರಶ್ನಿ ನೀ ಬರದಿದ್ದಿಲ್ಲೇನು?”

ನಾನು ಗಂಭೀರವಾಗಿ ಹೊರಗೆ ಬಂದು, “ವೈರಸ್. ಔಷಧ ಇಲ್ಲ ಮಾಮಾ. ಗಟ್ಟಿ ಇದ್ದ ಎರಡು ಇಟ್ಕೊಂಡು ಉಳದವನ್ನ ಬಿಟ್ಟಬಿಡು,” ಎಂದೆ.

ಮಾಮಾ ಮರಿಯನ್ನು ಮತ್ತೆ ಸೀರೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ.

ಭಾನುವಾರ ಮನಸ್ಸು ತಡೆಯದೆ ಬಾಳೆಹೊಸೂರಿಗೆ ಹೋದೆ. ಹೋದದ್ದು ಸಮಾಧಾನ ಹೇಳುವುದಕ್ಕೆ, ಹೀಗಾಗಿ ಇಸ್ತ್ರಿ ಮಾಡಿದ ಪ್ಯಾಂಟ್ ಹಾಕಿಕೊಂಡಿದ್ದೆ. ಮಾಮಾ ಶೆಡ್ಡಿನ ಹುಲ್ಲಿನ ಮೇಲೆ ಕುಳಿತು, ಮಲಗಿದ್ದ ತಾಯಿಯ ಮೊಲೆಗೆ ಒಂದೊಂದೇ ಮರಿಯನ್ನು ಹಿಡಿಯುತ್ತಿದ್ದ. ಅಂಗೈಯಲ್ಲಿ ತಲೆ ಒತ್ತಿ ಹಿಡಿದರೆ ನಡುಕ ಕಡಿಮೆಯಾಗಿ ಬಾಯಿ ಹತ್ತುತ್ತಿತ್ತು. ತಾಸಿಗೊಮ್ಮೆ ಹೀಗೆ, ಐದು ದಿನದಿಂದ. ಎರಡು ಮರಿ ಹೋಗಿದ್ದವು.

“ಕುಂಡ್ರಲೇ,” ಎಂದ. ಇಸ್ತ್ರಿಯ ಪ್ಯಾಂಟು ಗಂಜಲದಲ್ಲಿ ಕುಳಿತಿತು, ಒಳಗೆ ನಾನೂ ಇದ್ದೆ. ನಾನು ಹಿಡಿದ ಮರಿ ಮೊಲೆ ಬಿಟ್ಟು ನನ್ನ ಅಂಗಿಯ ಗುಂಡಿ ಚೀಪತೊಡಗಿತು. ನಗು ಬಂತು. ಮಾಮಾ ನಗಲಿಲ್ಲ.

“ನಿನಗ ಒಬ್ಬಾಕಿ ಅಕ್ಕ ಇದ್ಲು,” ಎಂದ. “ನಮ್ಮ ಮಗಳು. ಜ್ವರ ತಲಿಗೇರಿ ಹಿಂಗ ನಡಗತಿದ್ಲು. ಡಾಕ್ಟರು, ಇನ್ನ ಕೈ ಬಿಡ್ರಿ ಅಂದ್ರು. ನನಗ ಎತ್ತಿಗೊಳ್ಳಾಕ ಅಂಜಿಕಿ ಬಂತು. ಆ ಎರಡು ದಿನ ನಿಮ್ಮ ಮಾಮಿ ಒಬ್ಬಾಕಿನ ಹಿಡಕೊಂಡು ಕುಂತಿದ್ಲು.”

ಮಕ್ಕಳಿಲ್ಲದ ಮನೆ ಎಂದಷ್ಟೇ ನಾನು ತಿಳಿದಿದ್ದೆ. ಕೇಳಿದೆ, “ಹೆಸರು ಏನ್ ಇಟ್ಟಿದ್ರಿ ಮಾಮಾ?”

“ಇಡೂದ್ರಾಗ ಹ್ವಾದ್ಲು.”

ಮಾಮಾ ಹೊಟ್ಟೆ ತುಂಬಿದ ಮರಿಯ ಬಾಯಿ ಒರೆಸಿ ಹುಲ್ಲಿನ ಮೇಲೆ ಮಲಗಿಸಿದ. ಇನ್ನೊಂದನ್ನು ಎತ್ತಿ ನನ್ನ ಕೈಗೆ ಕೊಟ್ಟ. ನಾನು ಈ ಸಲ ತಲೆಯನ್ನು ಸರಿಯಾಗಿ ಹಿಡಿದೆ.